ಇಳಿದ ಬಾವುಟ, ಬಾಕಿ ಉಳಿದ ಲೆಕ್ಕ

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ವಿಕ್ರಾಂತ್ ಹಡಗು ಸೇವೆಗೆ ಸೇರಿದ ದಿನವೇ ನಮ್ಮ ನೌಕಾಪಡೆಯ ಬಾವುಟವೂ ಬದಲಾಯಿತು. ಬಿಳಿ ಬಟ್ಟೆಯ ಮೇಲೆ ಅಡ್ಡ ಉದ್ದ ಹಾಯ್ದಿದ್ದ ಕೆಂಪು ಪಟ್ಟಿ, ಅಂದರೆ ಇಂಗ್ಲೆಂಡಿನ ಸಂತ ಜಾರ್ಜನ ಶಿಲುಬೆ, ಹೋಯಿತು. ಶಿವಾಜಿಯ ಮುದ್ರೆಯನ್ನು ನೆನೆದು ಮಾಡಿದ ಎಂಟು ಮೂಲೆಯ ನೀಲಿ ಲಾಂಛನ ಬಂತು. ಅಂದಿನಿಂದ ಒಂದು ಮಾತು ಎಲ್ಲರ ಬಾಯಲ್ಲೂ ಕುಳಿತಿದೆ: ದಾಸ್ಯದ ಗುರುತು ಅಳಿಯಿತು, ಇನ್ನು ನಾವು ನಿರಾಳ. ಬಾವುಟ ಬದಲಾದದ್ದು ಸರಿ. ಇನ್ನೂ ಮೊದಲೇ ಆಗಬೇಕಿತ್ತು. ನನ್ನ ತಕರಾರು ಆ ನಿರಾಳದ ಬಗ್ಗೆ.

ಬಟ್ಟೆ ಇಳಿಯಿತು, ಕಥೆ ಮುಗಿಯಿತು ಎನ್ನುವುದು ಈ ನಿರಾಳದ ತಿರುಳು. ಬ್ರಿಟಿಷರ ಪಲ್ಟನ್ನುಗಳ ನಿಶಾನೆ, ಅವರ ಹಡಗುಗಳ ಧ್ವಜ, ಅವುಗಳ ಚರಿತ್ರೆ ಎಲ್ಲ ಅವರ ಮನೆಯ ವಿಷಯ, ನಮಗೇಕೆ ಎಂಬುದು ಅದರ ಮುಂದಿನ ಹೆಜ್ಜೆ. ಸಭೆಗಳಲ್ಲಿ ಇದನ್ನೇ ದೇಶಾಭಿಮಾನ ಎನ್ನುತ್ತಾರೆ. ಶಾಲೆಗಳಲ್ಲಿ ಸಿಲಬಸ್ಸಿನಲ್ಲಿ ಇಲ್ಲ ಎನ್ನುತ್ತಾರೆ. ಓದಿಕೊಂಡವರು ಹಳೆಯದನ್ನು ಕೆದಕಬೇಡಿ ಎನ್ನುತ್ತಾರೆ. ಮೂರು ಬಾಯಿಂದ ಬಂದರೂ ಮಾತು ಒಂದೇ, ಮತ್ತು ಅದು ನಮ್ಮ ಸೀಮೆಗೆ ಮಾಡುತ್ತಿರುವ ಅನ್ಯಾಯ. ನಮ್ಮ ಸೀಮೆ ಎಂದರೆ ಹರಿಹರ, ದಾವಣಗೆರೆ, ಚನ್ನಗಿರಿ, ಹೊನ್ನಾಳಿ, ಹೊಳೆಯಾಚೆಯ ರಾಣೆಬೆನ್ನೂರು. ಯಾಕೆ ಅನ್ಯಾಯ ಎಂಬುದನ್ನು ಹೆಸರು, ಇಸವಿ ಹಿಡಿದೇ ಹೇಳುತ್ತೇನೆ.

ಹರಿಹರದ ಹೊಳೆದಂಡೆಯಲ್ಲಿ ನಿಂತು ಕೇಳಿ ನೋಡಿ. ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಎಂದು ಹೇಳುವವರು ಸಿಗುತ್ತಾರೆ. 1800ರ ಜೂನ್ ತಿಂಗಳಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಇದೇ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತು ಎಂದು ಹೇಳುವವರು ನನಗೆ ಸಿಕ್ಕಿಲ್ಲ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಆಗಿನ್ನೂ ಮೂವತ್ತೊಂದರ ಪ್ರಾಯ. ದಂಡು ದಾಟಿದ ಕೆಲವೇ ದಿನಗಳಲ್ಲಿ ರಾಣೆಬೆನ್ನೂರಿನ ಕೋಟೆ ಬಿತ್ತು. ಜುಲೈನಲ್ಲಿ ಕುಂದಗೋಳ ಬಿತ್ತು, ಡಂಬಳ ಬಿತ್ತು. ಅದೇ ತಿಂಗಳ ಕೊನೆಗೆ ಮುನವಳ್ಳಿಯ ಬಳಿ ಓಡುತ್ತಿದ್ದ ಎದುರಾಳಿ ಪಡೆಯವರನ್ನು ಮಲಪ್ರಭೆಯೊಳಕ್ಕೆ ಅಟ್ಟಿದರು. ಎಷ್ಟೋ ಜನ ಹೊಳೆಯಲ್ಲೇ ಮುಳುಗಿ ಸತ್ತರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್‌ನಲ್ಲಿ ಎಲ್ಲ ಮುಗಿಯಿತು. ಇಷ್ಟೆಲ್ಲ ನಡೆದದ್ದು ಒಂದು ಬಾವುಟದ ಕೆಳಗೆ, ಒಬ್ಬ ಕನ್ನಡ ನಾಡಿನ ಮನುಷ್ಯನ ಬೆನ್ನು ಹತ್ತಿ.

ಆ ಬಾವುಟ ಹೇಗಿತ್ತು ಎಂಬುದೂ ನಮಗೆ ಗೊತ್ತಿಲ್ಲ. ಈಗ ಎಲ್ಲರೂ ಬಲ್ಲ ಯೂನಿಯನ್ ಜಾಕ್‌ನಲ್ಲಿ ಐರ್ಲೆಂಡಿನ ಕೆಂಪು ಓರೆ ಪಟ್ಟಿಗಳಿವೆ. ಅವು ಸೇರಿದ್ದು 1801ರ ಜನವರಿ 1ರಂದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಒಡೆದ ಗೋಡೆ ಹತ್ತಿದ್ದು, ಮರುವರ್ಷ ಹರಿಹರದ ಹೊಳೆ ದಾಟಿದ್ದು ಅದಕ್ಕಿಂತ ಹಿಂದಿನ ಬಾವುಟ: ನೀಲಿಯ ಮೇಲೆ ಸ್ಕಾಟ್ಲೆಂಡಿನ ಬಿಳಿ ಓರೆ ಪಟ್ಟಿ, ಅದರ ಮೇಲೆ ಇಂಗ್ಲೆಂಡಿನ ಕೆಂಪು ಶಿಲುಬೆ. ಬ್ರಿಟಿಷರ ಪ್ರತಿ ಕಾಲಾಳು ಪಲ್ಟನ್ನಿಗೂ ಎರಡು ನಿಶಾನೆ. ಒಂದು ರಾಜನದು. ಇನ್ನೊಂದು ಪಲ್ಟನ್ನಿನ ಸ್ವಂತದ್ದು. ಅದರ ಬಣ್ಣ ಆ ಸಿಪಾಯಿಗಳ ಅಂಗಿಯ ಕಾಲರು, ತೋಳಂಚಿನ ಬಣ್ಣವೇ. ಹೊರುತ್ತಿದ್ದವರು ದಂಡಿನ ಅತಿ ಕಿರಿಯ ಅಧಿಕಾರಿಗಳು, ಹಲವರಿಗೆ ಮೀಸೆಯೂ ಮೂಡಿರುತ್ತಿರಲಿಲ್ಲ. ಕೋವಿಯ ಹೊಗೆಯಲ್ಲಿ ದಿಕ್ಕು ತಪ್ಪಿದ ಸಿಪಾಯಿ ನಿಶಾನೆಯನ್ನು ಗುರುತಿಟ್ಟುಕೊಂಡು ಸಾಲಿಗೆ ಮರಳಬೇಕು. ಹಾಗಾಗಿ ಎದುರಾಳಿಯ ಗುರಿಯೂ ಮೊದಲು ಆ ಹುಡುಗನ ಮೇಲೇ. 1881ರಲ್ಲಿ ದಕ್ಷಿಣ ಆಫ್ರಿಕಾದ ಲೇಂಗ್ಸ್ ನೆಕ್ ಕಾಳಗ ಆದ ಮೇಲೆ ನಿಶಾನೆಯನ್ನು ರಣಕ್ಕೆ ಒಯ್ಯುವುದನ್ನೇ ಅವರು ಬಿಟ್ಟರು. ಇಂಥ ಒಂದು ವಸ್ತು ನಮ್ಮ ಹೊಳೆಯನ್ನು ದಾಟಿ ನಮ್ಮ ಊರುಗಳನ್ನು ಮುರಿದಿದ್ದರೆ, ಅದು ಬರೀ ಅವರ ಕಥೆ ಹೇಗಾದೀತು?

ಅದರ ಖರ್ಚೂ ನಮ್ಮದೇ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಆದ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ಕಂಪನಿಯ ಸೈನ್ಯಕ್ಕಾಗಿ ವರ್ಷಕ್ಕೆ ಏಳು ಲಕ್ಷ ವರಹ ತೆರಬೇಕಾಯಿತು. ಬೆಳೆ ಬರಲಿ ಬಾರದಿರಲಿ, ಕೆರೆ ತುಂಬಲಿ ಒಣಗಲಿ, ಆ ಹಣ ಹೋಗಬೇಕು. ಎಲ್ಲಿಂದ ಬಂತು ಅದು? ಚನ್ನಗಿರಿಯ, ಹರಿಹರದ, ಕೋಲಾರದ ರೈತರ ಕಂದಾಯದಿಂದ. ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ಒಂದು ಕಂಟೋನ್ಮೆಂಟ್ ಇತ್ತು. ಅಲ್ಲಿ 1865ರವರೆಗೂ ಒಂದು ದೇಶೀ ಪಲ್ಟನ್ ಬೀಡುಬಿಟ್ಟಿತ್ತು. ಹೊಳೆಗೆ ಸೇತುವೆ ಆದದ್ದು 1868ರಲ್ಲಿ. ಅಂದರೆ ಹರಿಹರಕ್ಕೆ ಸೇತುವೆಗಿಂತ ಮೊದಲು ಬಂದದ್ದು ದಂಡು, ದಂಡಿಗಿಂತ ಮೊದಲು ಬಂದದ್ದು ದಂಡಿನ ಖರ್ಚು. ಇಂದು ಬೆಂಗಳೂರಿನ ಕಂಟೋನ್ಮೆಂಟಿನ ಬಗ್ಗೆ ಪುಸ್ತಕಗಳಿವೆ, ನಡಿಗೆಗಳಿವೆ, ಹಳೆಯ ಫೋಟೋಗಳ ಪ್ರದರ್ಶನಗಳಿವೆ. 1947ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿದ ಕಥೆಯನ್ನೂ ಹೇಳುತ್ತಾರೆ. ಹರಿಹರದ ಕಂಟೋನ್ಮೆಂಟ್ ಎಂದರೆ ಹರಿಹರದವರೇ ಹುಬ್ಬೇರಿಸುತ್ತಾರೆ. ಜಿಲ್ಲಾ ಕೇಂದ್ರದ ಭಾಷಣಕಾರರಿಗೆ ದಾಸ್ಯದ ಗುರುತು ಕೊಚ್ಚಿಯ ಹಡಗಿನ ಮೇಲೆ ಕಾಣುತ್ತದೆ, ತಮ್ಮೂರಿನ ಹೊರವಲಯದಲ್ಲಿ ಕಾಣುವುದಿಲ್ಲ.

ಈಗ ಆ ದಂಡು ಬೆನ್ನು ಹತ್ತಿದ ಮನುಷ್ಯನ ವಿಷಯ. ಧೋಂಡಿಯಾ ವಾಘ್ ಚನ್ನಗಿರಿಯವನು, ಮರಾಠಾ ಪವಾರ್ ಮನೆತನದವನು, ಹೈದರನ ಕಾಲದಲ್ಲಿ ಸವಾರನಾಗಿ ಸೇರಿದವನು. ಟಿಪ್ಪು ಅವನನ್ನು ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟಿದ್ದ. ಪಟ್ಟಣ ಬಿದ್ದ ದಿನಗಳಲ್ಲಿ ಹೊರಬಂದವನೇ, ಕೆಲಸ ಕಳೆದುಕೊಂಡ ಮೈಸೂರು ಸಿಪಾಯಿಗಳನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ಎದ್ದ. ಶಿಕಾರಿಪುರದಲ್ಲಿ ಸೋತು ಹೊಳೆಯಾಚೆ ಹೋದ, ಮತ್ತೆ ಎದ್ದ. ಉಭಯ ಲೋಕಗಳ ಒಡೆಯ ಎಂದು ಬಿರುದು ಇಟ್ಟುಕೊಂಡ. ಅವನನ್ನು ಕಂಡಲ್ಲಿ ಹಿಡಿದು ಮೊದಲು ಸಿಕ್ಕ ಮರಕ್ಕೆ ನೇತುಹಾಕಿ ಎಂದು ಮದ್ರಾಸಿನ ಸರ್ಕಾರ ವೆಲ್ಲೆಸ್ಲಿಗೆ ಸೂಚನೆ ಕೊಟ್ಟಿತು. ವಿಚಾರಣೆ ಇಲ್ಲ, ಕೈದಿಯ ಲೆಕ್ಕ ಇಲ್ಲ. ಯಾಕೆ? ಅವನಿಗೆ ಸ್ವಂತ ಬಾವುಟದ ಹಕ್ಕಿಲ್ಲ ಎಂದು ಅವರು ತೀರ್ಮಾನಿಸಿದ್ದರು. ಬಾವುಟ ಇದ್ದವನು ಶತ್ರು, ಇಲ್ಲದವನು ದರೋಡೆಕೋರ. ಅಂದಿನಿಂದ ಇಂಗ್ಲಿಷ್ ದಾಖಲೆಗಳಲ್ಲಿ, ಗೆಜೆಟಿಯರುಗಳಲ್ಲಿ ಅವನು ಲೂಟಿಕೋರನೇ.

ನಮ್ಮ ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಅವನ ಪಾಠ ಇದೆ, ಒಪ್ಪುತ್ತೇನೆ. ಎರಡು ಅಂಕದ ಪ್ರಶ್ನೆಗೆ ಸಾಲುವಷ್ಟು ಇದೆ. ಆದರೆ ಆ ಪಾಠ ಓದುವ ಹರಿಹರದ ಹುಡುಗಿಗೆ, ಆ ದಂಡು ದಾಟಿದ ಹೊಳೆ ನಿನ್ನ ಮನೆಯ ಹಿಂದಿನದೇ ಎಂದು ಹೇಳುವವರು ಯಾರು? ಚನ್ನಗಿರಿಯ ಹುಡುಗನಿಗೆ, ಅವನು ನಿನ್ನೂರವನು ಎಂದು ಹೇಳುವವರು ಯಾರು? ಅವನು ಊರು ಸುಲಿದದ್ದೂ ಉಂಟು, ಮರಾಠರ ಗೋಖಲೆಯನ್ನು ಕೊಂದದ್ದೂ ಉಂಟು. ಅವನನ್ನು ಸಂತನನ್ನಾಗಿ ಮಾಡಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಸುಲಿಗೆಯೇ ಅಳತೆಗೋಲಾದರೆ ಶ್ರೀರಂಗಪಟ್ಟಣ ಬಿದ್ದ ರಾತ್ರಿ ಮನೆ ಮನೆ ನುಗ್ಗಿ ಸುಲಿದ, ಟಿಪ್ಪುವಿನ ಸಿಂಹಾಸನವನ್ನೇ ಒಡೆದು ಚೂರು ಹಂಚಿಕೊಂಡ ಪಲ್ಟನ್ನುಗಳನ್ನು ಏನೆಂದು ಕರೆಯೋಣ? ಅವರಿಗೆ ಪದಕ, ಅವರ ನಿಶಾನೆಗೆ ಬಿರುದು. ಇವನಿಗೆ ದರೋಡೆಕೋರನೆಂಬ ಹೆಸರು. ಬಾವುಟವನ್ನು ಇಳಿಸಿದ್ದೇವೆ ಎಂದು ಬೀಗುವ ನಾವು ಬಾವುಟ ಕೊಟ್ಟ ತೀರ್ಪನ್ನು ಇಂದಿಗೂ ತಲೆಯ ಮೇಲೆ ಹೊತ್ತಿದ್ದೇವೆ.

ಬಿರುದಿನ ಮಾತು ಬಂದ ಮೇಲೆ ಅದನ್ನು ಬಿಡಿಸಿ ಹೇಳಬೇಕು. ಬ್ರಿಟಿಷ್ ಸೈನ್ಯದಲ್ಲಿ ಗೆದ್ದ ಯುದ್ಧದ ಹೆಸರನ್ನು ಪಲ್ಟನ್ನಿನ ನಿಶಾನೆಯ ಮೇಲೆ ರೇಷ್ಮೆ ದಾರದಲ್ಲಿ ಹೆಣೆಯುತ್ತಾರೆ. ಸ್ಕಾಟ್ಲೆಂಡಿನ ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಪಲ್ಟನ್ನಿನ ಬಿರುದುಗಳಲ್ಲಿ ಮೈಸೂರು ಇತ್ತು, ಶ್ರೀರಂಗಪಟ್ಟಣ ಇತ್ತು. ವೆಲ್ಲೆಸ್ಲಿಯ 33ನೇ ಪಲ್ಟನ್ನಿಗೂ ಶ್ರೀರಂಗಪಟ್ಟಣ. ನಮ್ಮ ಊರಿನ ಹೆಸರು ಸಾವಿರಾರು ಮೈಲಿ ದೂರದ ಚರ್ಚುಗಳಲ್ಲಿ, ಬಣ್ಣಗೆಟ್ಟ ಬಟ್ಟೆಯ ಮೇಲೆ ನೇತಾಡುತ್ತದೆ. ಶ್ರೀರಂಗಪಟ್ಟಣದ ಗೆಲುವಿಗೆ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಪದಕವನ್ನೂ ಹೊಡೆಸಿದರು. ಆ ಪದಕವನ್ನು ಹತ್ತಿರದಿಂದ ನೋಡಬೇಕು. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ನೆಲಕ್ಕೆ ಕೆಡವಿ ಮೇಲೆ ನಿಂತಿದೆ. ಸಿಂಹದ ಮೇಲೆ ಒಂದು ಬಾವುಟ, ಬಾವುಟದ ಮೇಲೆ ಅರಬ್ಬಿ ಅಕ್ಷರಗಳಲ್ಲಿ, ದೇವರ ಸಿಂಹವೇ ವಿಜಯಿ ಎಂಬ ಅರ್ಥದ ಮಾತು. ಟಿಪ್ಪು ತನ್ನ ಆಯುಧಗಳ ಮೇಲೆ ಕೆತ್ತಿಸಿಕೊಳ್ಳುತ್ತಿದ್ದ ಮಾತನ್ನೇ ಕಿತ್ತು ತಮ್ಮ ಬಾವುಟಕ್ಕೆ ಏರಿಸಿಕೊಂಡರು. ಇನ್ನೊಂದು ಮುಖದಲ್ಲಿ ಕೋಟೆಗೆ ನುಗ್ಗುವ ದೃಶ್ಯ. ದೊಡ್ಡ ಅಧಿಕಾರಿಗಳಿಗೆ ಚಿನ್ನದ ಪದಕ, ಕೆಳಗಿನವರಿಗೆ ಬೆಳ್ಳಿ, ಕಂಚು, ಸಾಮಾನ್ಯ ಸಿಪಾಯಿಗೆ ತವರ. ಆ ತವರದ ಪದಕ ಪಡೆದವರಲ್ಲಿ ನಮ್ಮ ಪಕ್ಕದ ಸೀಮೆಗಳ ಬಡ ಮಕ್ಕಳೇ ಹೆಚ್ಚು.

ಸ್ವಾತಂತ್ರ್ಯ ಬಂದ ಮೇಲೆ ಭಾರತೀಯ ಸೇನೆ, ಈ ದೇಶವನ್ನೇ ಅಡಿಯಾಳಾಗಿಸಲು ನಡೆದ ಯುದ್ಧಗಳ ಬಿರುದುಗಳನ್ನು ಹೇಯವೆಂದು ಪಕ್ಕಕ್ಕಿಟ್ಟಿತು. ಶ್ರೀರಂಗಪಟ್ಟಣದ ಬಿರುದೂ ಹೋಯಿತು. 1950ರ ನವೆಂಬರ್ 23ರಂದು ಪಲ್ಟನ್ನುಗಳ ರಾಜ ನಿಶಾನೆಗಳನ್ನು ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯ ಚೆಟ್‌ವುಡ್ ಹಾಲ್‌ನಲ್ಲಿ ಸೇನಾ ಮರ್ಯಾದೆಯೊಂದಿಗೆ ಒಪ್ಪಿಸಿದರು. ಸೈನಿಕರು ತಮ್ಮ ಕೆಲಸ ಸರಿಯಾಗಿ ಮಾಡಿದರು: ಏನನ್ನು ಹೊರಬೇಕು, ಏನನ್ನು ಇಳಿಸಬೇಕು ಎಂದು ಕುಳಿತು ತೀರ್ಮಾನಿಸಿದರು, ಇಳಿಸಿದ್ದನ್ನು ಸುಡದೆ ಜೋಪಾನ ಮಾಡಿದರು. ಅಂಥ ಕೆಲಸ ಮಾಡದೆ ಬಿಟ್ಟವರು ನಾವು, ಅಂದರೆ ಬರೆಯುವವರು, ಕಲಿಸುವವರು, ಜಿಲ್ಲೆಯ ಆಡಳಿತ ನಡೆಸುವವರು. ಅವರು ಅಳಿಸಿದ ಹೆಸರುಗಳ ಜಾಗದಲ್ಲಿ ನಾವು ಏನು ಬರೆದೆವು? ರಾಣೆಬೆನ್ನೂರಿನ ಕೋಟೆಯಲ್ಲಿ ಸತ್ತವರನ್ನು ಎಲ್ಲಿ ಬರೆದೆವು? ಮಲಪ್ರಭೆಯಲ್ಲಿ ಮುಳುಗಿದವರನ್ನು ಎಲ್ಲಿ ನೆನೆದೆವು? ಕೋನಗಲ್‌ನಲ್ಲಿ ವೆಲ್ಲೆಸ್ಲಿ ಒಂದೇ ಸಾಲಿನಲ್ಲಿ ನುಗ್ಗಿಸಿದ ನಾಲ್ಕು ಅಶ್ವದಳಗಳಲ್ಲಿ ಎರಡು ಬಿಳಿಯರವು, ಎರಡು ಮದ್ರಾಸಿನ ದೇಶೀ ಸವಾರರವು. ಆ ಸವಾರರು ನಮ್ಮವರೋ ಪರರೋ? ಅವರು ಯಾರ ಮಕ್ಕಳು, ಯಾವ ಹಸಿವಿಗೆ ಆ ನಿಶಾನೆಯ ಕೆಳಗೆ ಹೋದರು? ಇದನ್ನು ಕೇಳಬೇಕಾದರೆ ನಿಶಾನೆಯ ಕಥೆ ತೆರೆಯಲೇಬೇಕು. ದೇಶಾಭಿಮಾನದ ಹೆಸರಿನಲ್ಲಿ ಅದನ್ನು ಮುಚ್ಚುವವರು ಸತ್ತವರಿಗೂ ಕೊಂದವರಿಗೂ ಒಂದೇ ಮಣ್ಣು ಎಳೆಯುತ್ತಿದ್ದಾರೆ.

ನೌಕಾಪಡೆಯ ವಿಷಯವನ್ನೇ ತೆಗೆದುಕೊಳ್ಳಿ. ಆ ಕೆಂಪು ಶಿಲುಬೆ 1950ರಿಂದ ತ್ರಿವರ್ಣದ ಜೊತೆ ಹಾರಿತು. 2001ರಲ್ಲಿ ತೆಗೆದರು. ಬದಲಿಗೆ ಬಂದ ನೀಲಿ ಲಾಂಛನ ಕಡಲು ಆಕಾಶದ ನಡುವೆ ಕಾಣುವುದಿಲ್ಲ ಎಂದು 2004ರಲ್ಲಿ ಶಿಲುಬೆಯನ್ನೇ ಮರಳಿ ತಂದರು, ನಡುವೆ ಅಶೋಕ ಸ್ತಂಭ ಇಟ್ಟು. 2005ರಲ್ಲಿ ಕಾರವಾರದಲ್ಲಿ ನೌಕಾನೆಲೆ ಆರಂಭವಾಗಿ ಅದಕ್ಕೆ ಕದಂಬ ಎಂದು ಹೆಸರಿಟ್ಟಾಗ ಅಲ್ಲಿ ಹಾರಿದ್ದು ಅದೇ ಶಿಲುಬೆಯ ಬಾವುಟ. ಮಯೂರವರ್ಮನ ವಂಶದ ಹೆಸರು, ಮೇಲೆ ಸಂತ ಜಾರ್ಜ್. ಹದಿನೇಳು ವರ್ಷ ಇದು ನಮ್ಮ ಕರಾವಳಿಯಲ್ಲಿ ನಡೆಯಿತು. ಆಗ ಎಷ್ಟು ಜನ ಕೇಳಿದರು? 2022ರಲ್ಲಿ ಕುಣಿದವರಲ್ಲಿ ಎಷ್ಟು ಜನಕ್ಕೆ 2021ರಲ್ಲಿ ಆ ಶಿಲುಬೆ ಅಲ್ಲಿರುವುದು ಗೊತ್ತಿತ್ತು? ಕಥೆ ಗೊತ್ತಿಲ್ಲದವನಿಗೆ ಬಾವುಟ ಬರೀ ಬಟ್ಟೆ. ಅವನು ಅದನ್ನು ಗಮನಿಸದೆ ಹೊರುತ್ತಾನೆ, ಯಾರೋ ಹೇಳಿದ ದಿನ ಇಳಿಸುತ್ತಾನೆ, ನಾಳೆ ಇನ್ನೊಂದು ಕೊಟ್ಟರೆ ಅದನ್ನೂ ಕೇಳದೆ ಹೊರುತ್ತಾನೆ. ಈ ನಿರಾಳವನ್ನು ನಾನು ಅಪಾಯ ಎನ್ನುವುದು ಇದಕ್ಕೇ.

ಬಾವುಟ ಬದಲಾದ 2022ರದೇ ಇನ್ನೊಂದು ಸಂಗತಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ರಾಷ್ಟ್ರಧ್ವಜ ಹೊಲಿಯುತ್ತಾರೆ. ಅಳತೆ, ಬಣ್ಣ, ನೂಲಿನ ಎಣಿಕೆ, ಹೊಲಿಗೆ, ಅಶೋಕ ಚಕ್ರದ ಎರಡೂ ಮುಖ ಸರಿಯಾಗಿ ಕೂಡುವುದು, ಎಲ್ಲವೂ ಮಾನಕದಂತೆ ಇರಬೇಕು. ಎಳೆ ತಪ್ಪಿದರೆ ಆ ಬಟ್ಟೆ ಧ್ವಜವಾಗುವುದಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. 2022ರಲ್ಲಿ ಆ ಸಂಘದವರು ಬೀದಿಗಿಳಿದು ಪ್ರತಿಭಟಿಸಿದರು. ಬ್ರಿಟಿಷರ ಶಿಲುಬೆ ಹೋದದ್ದಕ್ಕೆ ಹಿಗ್ಗಿದ ವರ್ಷದಲ್ಲೇ, ಬ್ರಿಟಿಷರ ಮಿಲ್ಲಿನ ಬಟ್ಟೆಗೆ ಎದುರಾಗಿ ಹುಟ್ಟಿದ ಖಾದಿಯನ್ನು ಧ್ವಜದಿಂದ ಸರಿಸಿದೆವು. ಚರಿತ್ರೆ ತಿಳಿದ ಜನ ಇದನ್ನು ಸುಮ್ಮನೆ ಬಿಡುತ್ತಿದ್ದರೇ?

ಹಳೆಯದನ್ನು ಕೆದಕಬೇಡಿ ಎನ್ನುವವರಿಗೆ ನಾನು ವಿದುರಾಶ್ವತ್ಥವನ್ನು ತೋರಿಸುತ್ತೇನೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ಸಿನ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಕೂಡಿದ ಜನರ ಮೇಲೆ ಗುಂಡು ಹಾರಿತು. ಅಲ್ಲಿ ಸ್ಮಾರಕ ಇದೆ, ಚಿತ್ರಶಾಲೆ ಇದೆ, ಮಕ್ಕಳು ಹೋಗುತ್ತಾರೆ, ಹೆಸರು ಓದುತ್ತಾರೆ. ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. ಇದರಿಂದ ಯಾವ ಗಾಯ ಕೊಳೆಯಿತು? ಊರಿಗೆ ಮರ್ಯಾದೆ ಬಂತು, ಮಕ್ಕಳಿಗೆ ತಿಳಿವಳಿಕೆ ಬಂತು. ನಮ್ಮ ಹರಿಹರಕ್ಕೆ, ಚನ್ನಗಿರಿಗೆ ಅಷ್ಟು ಯೋಗ್ಯತೆ ಇಲ್ಲವೇ?

ಇದನ್ನು ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ ನನ್ನ ಉತ್ತರ ಕೊಂಡಜ್ಜಿ. ಹರಿಹರ ತಾಲ್ಲೂಕಿನ ಆ ಕೆರೆ, ಕಾಡಿನ ಮಗ್ಗುಲಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಶಿಬಿರ ಇದೆ. ಸ್ವಾತಂತ್ರ್ಯ ಹೋರಾಟದಿಂದ ಬಂದ ಕೊಂಡಜ್ಜಿ ಬಸಪ್ಪನವರು ರಾಜ್ಯದಲ್ಲಿ ಆ ಚಳವಳಿಗೆ ದುಡಿದವರು. ಸ್ಕೌಟ್ ಚಳವಳಿಯನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1909ರಲ್ಲಿ ಅದು ಭಾರತಕ್ಕೆ ಮೊದಲು ಬಂದದ್ದು ನಮ್ಮ ಬೆಂಗಳೂರಿಗೇ, ಆಗ ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಭಾರತೀಯ ಮಕ್ಕಳನ್ನು ಹೊರಗಿಟ್ಟದ್ದಕ್ಕೆ ಎದುರಾಗಿ ಆನಿ ಬೆಸೆಂಟ್ ಬೇರೆ ಸಂಘವನ್ನೇ ಕಟ್ಟಿದರು. 1950ರ ನವೆಂಬರ್ 7ರಂದು ಸ್ಕೌಟ್ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಇಂದು ಸಮವಸ್ತ್ರ, ಸ್ಕಾರ್ಫ್ ತೊಟ್ಟ ಮಗು ಧ್ವಜವನ್ನು ಮಡಿಸಿ, ಹಗ್ಗಕ್ಕೆ ಶೀಟ್ ಬೆಂಡ್ ಗಂಟು ಹಾಕಿ, ಮೇಲೇರಿಸಿ, ಒಂದೇ ಎಳೆತಕ್ಕೆ ಬಿಚ್ಚಿ ಹಾರಿಸುತ್ತದೆ. ಆ ಗಂಟು ಹಾಯಿಹಡಗಿನ ನಾವಿಕರದು. ಕಂಬ ಉಳಿಯಿತು, ಗಂಟು ಉಳಿಯಿತು, ಮೇಲಿನ ಬಟ್ಟೆ ನಮ್ಮದಾಯಿತು. ಎಲ್ಲಿಂದ ಬಂತು ಎಂದು ತಿಳಿದೇ ಬಸಪ್ಪನವರಂಥವರು ಅದನ್ನು ನಮ್ಮದಾಗಿ ಮಾಡಿಕೊಂಡರು. ಅವರಿಗೆ ಬ್ರಿಟಿಷರ ಚರಿತ್ರೆಯ ಭಯ ಇರಲಿಲ್ಲ. ನಮಗೇಕೆ?

ಆದ್ದರಿಂದ ನಾನು ಕೇಳುವುದು ಇವು. ಕೊಂಡಜ್ಜಿಗೆ ಬರುವ ಪ್ರತಿ ತಂಡಕ್ಕೂ ಒಂದು ಸಂಜೆ ಬಾವುಟಗಳ ಚರಿತ್ರೆಗೆ ಮೀಸಲಾಗಬೇಕು: 1801ಕ್ಕೆ ಮುಂಚಿನ ಯೂನಿಯನ್ ಧ್ವಜ, ಮೈಸೂರಿನ ಗಂಡಭೇರುಂಡ, ಕಂಪನಿಯ ಪಟ್ಟೆ ಬಾವುಟ, 1938ರ ಚರಕದ ಬಾವುಟ, ಎಲ್ಲವನ್ನೂ ಮಕ್ಕಳೇ ಬಟ್ಟೆಯಲ್ಲಿ ಮಾಡಿ ಕಂಬಕ್ಕೆ ಏರಿಸಿ ಕಥೆ ಹೇಳಲಿ. ಮರುದಿನ ಅವರನ್ನು ಹರಿಹರದ ಹೊಳೆಗೆ ನಡೆಸಿಕೊಂಡು ಹೋಗಲಿ. 1800ರ ಆ ದಂಡಯಾತ್ರೆಯ ಪತ್ರಗಳು ಇಂಗ್ಲಿಷಿನಲ್ಲಿ ಅಚ್ಚಾಗಿ ಬಹುಕಾಲವಾಯಿತು. ನಮ್ಮ ವಿಶ್ವವಿದ್ಯಾಲಯಗಳು ಅವನ್ನು ಪೂರ್ತಿ ಕನ್ನಡಕ್ಕೆ ತರಬೇಕು, ಟಿಪ್ಪಣಿಯೊಂದಿಗೆ, ನಮ್ಮ ಊರುಗಳ ಸರಿಯಾದ ಹೆಸರುಗಳೊಂದಿಗೆ. ಹರಿಹರದ ಕಂಟೋನ್ಮೆಂಟ್ ಇದ್ದ ನೆಲವನ್ನು ಪುರಾತತ್ವ ಇಲಾಖೆ ಸರ್ವೆ ಮಾಡಬೇಕು, ಬಡಾವಣೆಗಳು ಪೂರ್ತಿ ನುಂಗುವ ಮೊದಲು. ಚನ್ನಗಿರಿಯಲ್ಲಿ ಧೋಂಡಿಯಾ ವಾಘ್‌ನ ಹೆಸರಿನಲ್ಲಿ ಜಯಂತಿ ಬೇಡ, ಮೆರವಣಿಗೆ ಬೇಡ. ಅವನ ಒಳಿತು ಕೆಡುಕು ಎರಡನ್ನೂ ಹೇಳುವ ಒಂದು ಕೋಣೆಯ ಸಂಗ್ರಹಾಲಯ ಸಾಕು. ಬ್ರಿಟನ್ನಿನ ಸಂಗ್ರಹಾಲಯಗಳಲ್ಲಿರುವ ಮೈಸೂರಿನ ಲೂಟಿಯ ಪಟ್ಟಿಯನ್ನು ರಾಜ್ಯ ಸರ್ಕಾರ ಕೇಳಿ ಪಡೆದು ಕನ್ನಡದಲ್ಲಿ ಪ್ರಕಟಿಸಬೇಕು. ರಾಣೆಬೆನ್ನೂರು, ಕುಂದಗೋಳ, ಡಂಬಳ, ಮುನವಳ್ಳಿ, ಕೋನಗಲ್ ಈ ಐದು ಊರುಗಳಲ್ಲಷ್ಟೇ ಅಲ್ಲ, ಹರಿಹರವನ್ನೂ ಸೇರಿಸಿ ಆರೂ ಊರುಗಳಲ್ಲಿ ಇಸವಿ, ತಿಂಗಳು, ಏನಾಯಿತು ಎಂದು ಬರೆದ ಕಲ್ಲು ನಿಲ್ಲಬೇಕು. ಇದಕ್ಕೆ ಹಡಗು ಕಟ್ಟುವಷ್ಟು ಹಣ ಬೇಡ. ಒಂದು ಜಿಲ್ಲಾ ಉತ್ಸವದ ವೇದಿಕೆಗೆ ಸುರಿಯುವ ದುಡ್ಡಿನಲ್ಲಿ ಅರ್ಧದಷ್ಟು ಕೆಲಸ ಮುಗಿಯುತ್ತದೆ. ಹರಿಹರದ ನಗರಸಭೆ ಮೊದಲ ಕಲ್ಲನ್ನು ಬರುವ ಮುಂಗಾರಿಗೆ ಮುಂಚೆ ಹೊಳೆದಂಡೆಯಲ್ಲಿ ನಿಲ್ಲಿಸಲಿ. ಉಳಿದ ಊರುಗಳನ್ನು ಆಮೇಲೆ ಹೋಗಿ ಕೇಳೋಣ.